ಸಿಂಗಾಪುರದ ಹಾಕರ್ ಸೆಂಟರ್‌ಗಳಲ್ಲಿ ಸಾಲು ನಿಲ್ಲುವುದನ್ನು ನಾನು ಕಲಿತದ್ದು

ಹನ್ನೊಂದು ವರ್ಷಗಳ ಹಿಂದೆ, ಸಿಂಗಾಪುರಕ್ಕೆ ಬಂದ ಮೊದಲ ತಿಂಗಳಲ್ಲಿ, ಒಂದೇ ಮಾಡಿನಡಿ ಪುಟ್ಟ ಪುಟ್ಟ ಊಟದಂಗಡಿಗಳಿರುವ ಒಂದು ಹಾಕರ್ ಸೆಂಟರ್‌ನಲ್ಲಿ, ಎಂಟೇ ಜನರಿದ್ದ ಒಂದು ಸಾಲಿನ ಕೊನೆಗೆ ಹೋಗಿ ನಿಂತು 45 ನಿಮಿಷ ಕಾದೆ. ಪಕ್ಕದ ಅಂಗಡಿಯ ಮುಂದೆ 30 ಜನರ ಸಾಲಿತ್ತು. ಅದನ್ನು ಕಂಡು ಹೆದರಿಯೇ ನಾನು ಈ ಚಿಕ್ಕ ಸಾಲನ್ನು ಆರಿಸಿಕೊಂಡಿದ್ದೆ. ನಾನು ನಿಂತಲ್ಲೇ ನಿಂತಿದ್ದಾಗ ಆ ಮೂವತ್ತು ಜನರೂ ತಮ್ಮ ತಟ್ಟೆ ಹಿಡಿದು ಹೋಗಿಯಾಗಿತ್ತು, ಅವರ ಹಿಂದೆ ಬಂದವರೂ ಉಣ್ಣಲು ಕೂತಾಗಿತ್ತು. ಕೊನೆಗೆ ನನ್ನ ಮುಂದಿದ್ದ ಹೆಂಗಸು ಒಂಬತ್ತು ಪೊಟ್ಟಣ ಕಟ್ಟಿಸಿಕೊಂಡು ಹೊರಟರು. ಅಂಗಡಿಯ ಅಜ್ಜ ಕಾವಲಿಯನ್ನು ಒರೆಸಿ, ನನ್ನ ಕಡೆ ಕೈಯಾಡಿಸಿ, ‘ಫಿನಿಶ್’ ಎಂದರು. ಅವರ ಮುಖದಲ್ಲಿ ಕೋಪವೂ ಇರಲಿಲ್ಲ, ಕನಿಕರವೂ ಇರಲಿಲ್ಲ. ಬೆಳಗಿನಿಂದ ನಿಂತ ಕಾಲಿನ ದಣಿವು ಮಾತ್ರ ಇತ್ತು.

ನಾನು ಕಾದದ್ದು ಕ್ಯಾರೆಟ್ ಕೇಕ್‌ಗಾಗಿ. ಹೆಸರು ಕೇಳಿ ಸಿಹಿ ತಿಂಡಿ ಎಂದುಕೊಂಡವರಲ್ಲಿ ನಾನೂ ಒಬ್ಬಳು. ಅದರಲ್ಲಿ ಕ್ಯಾರೆಟ್ಟೂ ಇಲ್ಲ, ಕೇಕೂ ಇಲ್ಲ. ಬಿಳಿ ಮೂಲಂಗಿಯ ತುರಿಯನ್ನು ಅಕ್ಕಿಹಿಟ್ಟಿನೊಂದಿಗೆ ಕಲಸಿ ಹಬೆಯಲ್ಲಿ ಬೇಯಿಸಿ, ಗಟ್ಟಿಯಾದ ಮೇಲೆ ತುಂಡು ಮಾಡಿ, ಮೊಟ್ಟೆ, ಬೆಳ್ಳುಳ್ಳಿ, ಉಪ್ಪು ಹಾಕಿ ಒಣಗಿಸಿಟ್ಟ ಮೂಲಂಗಿಯ ಚೂರು ಸೇರಿಸಿ ಅಗಲವಾದ ಕಾವಲಿಯ ಮೇಲೆ ಹುರಿಯುತ್ತಾರೆ. ಸಿಹಿಯಾದ ಕಪ್ಪು ಸೋಯಾ ಸಾಸ್ ಹಾಕಿದರೆ ಅದು ‘ಕಪ್ಪು’, ಹಾಕದಿದ್ದರೆ ‘ಬಿಳಿ’. ಇಲ್ಲಿಯ ಚೀನೀಯರ ಹೊಕ್ಕಿಯನ್ ಮತ್ತು ತಿಯೋಚ್ಯೂ ಮಾತುಗಳಲ್ಲಿ ಕ್ಯಾರೆಟ್ ಎಂದರೆ ‘ಕೆಂಪು ಮೂಲಂಗಿ’. ಹಾಗಾಗಿ ಇಂಗ್ಲಿಷಿಗೆ ಬರುವ ದಾರಿಯಲ್ಲಿ ಮೂಲಂಗಿ ಕ್ಯಾರೆಟ್ಟಾಗಿ ಹೋಗಿದೆ. ಹಲವು ಅಂಗಡಿಗಳಲ್ಲಿ ಇದನ್ನು ಹಂದಿಯ ಕೊಬ್ಬಿನಲ್ಲಿ ಹುರಿಯುವುದುಂಟು. ಕೋಳಿ, ಮೀನು ತಿಂದರೂ ಹಂದಿ ತಿನ್ನದ ನಾನು ಈಗ ಸಾಲಿಗೆ ಸೇರುವ ಮೊದಲೇ ‘ನೋ ಪೋರ್ಕ್, ನೋ ಲಾರ್ಡ್’ ಎಂಬ ಫಲಕವಿದೆಯೇ ಎಂದು ನೋಡುತ್ತೇನೆ, ಇಲ್ಲದಿದ್ದರೆ ಕೇಳುತ್ತೇನೆ. ಅಂದು ಅದನ್ನೂ ಕೇಳಿರಲಿಲ್ಲ. ಖಾಲಿಯಾದದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು.

ಅಂದು ನಾನು ಮಾಡಿದ ತಪ್ಪೆಂದರೆ ತಲೆ ಎಣಿಸಿದ್ದು. ಎಣಿಸಬೇಕಾಗಿದ್ದುದು ಒಲೆಯನ್ನು. ಬೆಂಗಳೂರಿನಲ್ಲಿ ಓದುವಾಗ ಗಾಂಧಿಬಜಾರಿನ ವಿದ್ಯಾರ್ಥಿ ಭವನದ ಬಾಗಿಲಲ್ಲಿ ಎಷ್ಟೋ ಭಾನುವಾರ ಕಾದವಳು ನಾನು. ಸಪ್ಲೈಯರ್ ತನ್ನ ಕೈಯ ಮೇಲೆ ದೋಸೆಯ ತಟ್ಟೆಗಳನ್ನು ಅಟ್ಟಿ ಪೇರಿಸಿಕೊಂಡು ಹೊರಬಂದರೆ ಒಂದು ಕಾವಲಿ ಇಳಿಯಿತೆಂದು ಅರ್ಥ, ಇನ್ನು ಮುಂದಿನ ಕಾವಲಿಯವರೆಗೆ ಯಾರು ಏನೇ ಮಾಡಿದರೂ ಪ್ರಯೋಜನವಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಆ ತಿಳಿವಳಿಕೆಯನ್ನು ವಿಮಾನ ಹತ್ತುವಾಗ ಎಲ್ಲೋ ಬಿಟ್ಟು ಬಂದಿದ್ದೆ. ಕ್ಯಾರೆಟ್ ಕೇಕ್‌ನ ಅಜ್ಜನ ಕಾವಲಿಯಲ್ಲಿ ಒಂದು ಸಲಕ್ಕೆ ಐದಾರು ತಟ್ಟೆಗಾಗುವಷ್ಟು ಹುರಿಯಬಹುದಿತ್ತು, ಅದು ಹದಕ್ಕೆ ಬರಲು ಹತ್ತು ಹನ್ನೆರಡು ನಿಮಿಷ ಹಿಡಿಯುತ್ತಿತ್ತು. ಎಂಟು ಜನರಲ್ಲಿ ಪ್ರತಿಯೊಬ್ಬರೂ ಮನೆಮಂದಿಗೆಲ್ಲ ಕಟ್ಟಿಸಿಕೊಳ್ಳಲು ಬಂದಿದ್ದರೆ ಅದು ಎಂಟು ಜನರ ಸಾಲಲ್ಲ, 30 ತಟ್ಟೆಗಳ ಸಾಲು. ಪಕ್ಕದ್ದು ಕೋಳಿ ಅನ್ನದ ಅಂಗಡಿ. ಅಲ್ಲಿ ಅನ್ನ ಆಗಿದೆ, ಕೋಳಿ ಬೆಂದು ತಣ್ಣಗಾಗಿ ಕೊಕ್ಕೆಗೆ ನೇತಾಡುತ್ತಿದೆ. ಕತ್ತರಿಸಿ ತಟ್ಟೆಗೆ ಹಾಕುವುದೊಂದೇ ಕೆಲಸ.

ಇಲ್ಲಿಗೆ ಬಾರದವರಿಗಾಗಿ ಹಾಕರ್ ಸೆಂಟರ್ ಎಂದರೇನು ಎಂಬುದನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಸಾಲಿನ ಕಾರಣವೂ ಅಲ್ಲಿಯೇ ಇದೆ. ಒಂದು ಕಾಲಕ್ಕೆ ಇವರೆಲ್ಲ ಬೀದಿಯಲ್ಲಿ ಗಾಡಿ ಇಟ್ಟುಕೊಂಡು ಮಾರುತ್ತಿದ್ದವರು. 1968–69ರಲ್ಲಿ ಸರ್ಕಾರ ದ್ವೀಪದಾದ್ಯಂತ ಸುಮಾರು 18,000 ಬೀದಿ ವ್ಯಾಪಾರಿಗಳನ್ನು ನೋಂದಾಯಿಸಿತು. 1971ರಿಂದ 1986ರವರೆಗೆ ನಲ್ಲಿ, ಚರಂಡಿ, ವಿದ್ಯುತ್ತು ಇರುವ ಮಾಡುಗಳನ್ನು ಕಟ್ಟಿ ಅವರನ್ನು ಒಳಗೆ ಕರೆತಂದಿತು. ಇಂದು ಅಂಥ ಕೇಂದ್ರಗಳು 110ಕ್ಕೂ ಹೆಚ್ಚಿವೆ. 2020ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಈ ಹಾಕರ್ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಒಂದೊಂದು ಅಂಗಡಿಯೂ ನಮ್ಮ ಕಡೆಯ ಬಚ್ಚಲುಮನೆಯಷ್ಟು ದೊಡ್ಡದು. ಅದರೊಳಗೆ ಸಾಮಾನ್ಯವಾಗಿ ಇಬ್ಬರು ಇರುತ್ತಾರೆ, ಅನೇಕ ಕಡೆ ಗಂಡ-ಹೆಂಡತಿ, ಅವರಲ್ಲಿ ಹೆಚ್ಚಿನವರು ಅರವತ್ತರ ಆಸುಪಾಸಿನವರು. ಅಂಗಡಿಯ ಪರವಾನಗಿ ಪಡೆಯಲು ಸಿಂಗಾಪುರದ ಪ್ರಜೆಯೋ ಕಾಯಂ ನಿವಾಸಿಯೋ ಆಗಿರಬೇಕು. ಬೇಕೆಂದ ಕೂಡಲೇ ಇನ್ನಿಬ್ಬರು ಆಳುಗಳನ್ನು ತಂದು ನಿಲ್ಲಿಸುವಂತಿಲ್ಲ. ಜನಪ್ರಿಯತೆ ಹೆಚ್ಚಿದಂತೆ ಒಲೆಯಾಗಲಿ ಕೈಯಾಗಲಿ ಹೆಚ್ಚುವುದಿಲ್ಲವಾದ್ದರಿಂದ ಹೆಚ್ಚುವುದು ಸಾಲೊಂದೇ.

ನನ್ನ ಕಚೇರಿ ತೆಲೊಕ್ ಆಯರ್ ಬಳಿ ಇರುವುದರಿಂದ ಮ್ಯಾಕ್ಸ್‌ವೆಲ್ ಫುಡ್ ಸೆಂಟರ್ ಕಾಲ್ನಡಿಗೆಯ ದೂರದಲ್ಲಿದೆ. ಅಲ್ಲಿಯ ಹತ್ತು, ಹನ್ನೊಂದನೆಯ ಸಂಖ್ಯೆಯ ಅಂಗಡಿಗಳಲ್ಲಿ ನಡೆಯುವ ತಿಯಾನ್ ತಿಯಾನ್ ಹೈನನೀಸ್ ಚಿಕನ್ ರೈಸ್ ಈ ಊರಿನ ಅತಿ ಪ್ರಸಿದ್ಧ ಸಾಲುಗಳಲ್ಲಿ ಒಂದು. ಅಮೆರಿಕದ ಬಾಣಸಿಗ, ಟಿವಿ ನಿರೂಪಕ ಆಂಥೊನಿ ಬೋರ್ಡೇನ್ ಅಲ್ಲಿಯ ಅನ್ನವನ್ನು ಹೊಗಳಿದ ಮೇಲೆ, 2013ರಲ್ಲಿ ಬ್ರಿಟನ್ನಿನ ಹೆಸರಾಂತ ಬಾಣಸಿಗ ಗಾರ್ಡನ್ ರಾಮ್ಸೆ ಒಂದು ಅಡುಗೆ ಸ್ಪರ್ಧೆಯಲ್ಲಿ ಅದೇ ಅಂಗಡಿಯ ಕೋಳಿ ಅನ್ನಕ್ಕೆ ಸೋತ ಮೇಲೆ, ಪ್ರವಾಸಿಗರು ಪೆಟ್ಟಿಗೆ ಸಮೇತ ಅಲ್ಲಿಗೆ ಬಂದು ನಿಲ್ಲುವುದನ್ನು ನೋಡಿದ್ದೇನೆ. 2022ರ ನವೆಂಬರಿನಲ್ಲಿ ಎದುರಿಗೇ ಮ್ಯಾಕ್ಸ್‌ವೆಲ್ ಮೆಟ್ರೊ ನಿಲ್ದಾಣ ತೆರೆದ ನಂತರ ಬರುವವರಿಗೆ ಇನ್ನೂ ಅನುಕೂಲವಾಯಿತು. ಆದರೂ ಆ ಸಾಲಿಗೆ ನಾನು ಹೆದರುವುದಿಲ್ಲ. ಕೋಳಿಯನ್ನು ಕುದಿಯದ ಬಿಸಿ ಸಾರಿನಲ್ಲಿ ಇಡಿಯಾಗಿ ಬೇಯಿಸಿ ತಣ್ಣೀರಿಗೆ ಅದ್ದಿ ತೆಗೆಯುವ ಕೆಲಸವೂ, ಅದೇ ಸಾರು, ಕೋಳಿಯ ಕೊಬ್ಬು, ಶುಂಠಿ, ಬೆಳ್ಳುಳ್ಳಿ, ಪಂದಾನ್ ಎಲೆ ಹಾಕಿ ಅನ್ನ ಮಾಡುವ ಕೆಲಸವೂ ನಾವು ಬರುವ ಮೊದಲೇ ಮುಗಿದಿರುತ್ತದೆ. ಕತ್ತಿ ಹಿಡಿದವರ ಕೈಯನ್ನು ಒಮ್ಮೆ ನೋಡಬೇಕು: ಎದೆಯ ಮಾಂಸವನ್ನು ಮೂಳೆಯಿಂದ ಬಿಡಿಸಿ, ಹಲಗೆಯ ಮೇಲೆ ಇಟ್ಟು, ಕತ್ತಿಯ ಅಗಲವಾದ ಮೈಯಿಂದ ಒಮ್ಮೆ ತಟ್ಟಿ ಹರಡಿ, ನಾಲ್ಕೈದು ಸಲ ಕೊಚ್ಚಿ, ಅದೇ ಕತ್ತಿಯ ಮೇಲೆ ಎತ್ತಿ ಅನ್ನದ ಗುಡ್ಡೆಗೆ ಜಾರಿಸುವಷ್ಟರಲ್ಲಿ ನೀವು ಚಿಲ್ಲರೆ ಎಣಿಸಿ ಮುಗಿಸಿರುವುದಿಲ್ಲ. ನಿಮಿಷಕ್ಕೆ ಒಂದೂವರೆ ಎರಡು ತಟ್ಟೆ ಎಂದು ಹಿಡಿದರೆ 30 ಜನರ ಸಾಲು 20 ನಿಮಿಷದ್ದು.

ಅಲ್ಲಿ ನೋಡಬೇಕಾದದ್ದು ಬೇರೆ: ಗಾಜಿನ ಹಿಂದೆ ಎಷ್ಟು ಕೋಳಿ ನೇತಾಡುತ್ತಿವೆ? ಯಾವುದೇ ಕೋಳಿ ಅನ್ನದ ಅಂಗಡಿಯಲ್ಲೂ ಮಧ್ಯಾಹ್ನ ಎರಡರ ಮೇಲೆ ನಾನು ಸಾಲಿಗೆ ಸೇರುವ ಮೊದಲು ಕೊಕ್ಕೆಗಳನ್ನು ಎಣಿಸುತ್ತೇನೆ. ಕೊಕ್ಕೆಯಲ್ಲಿ ಎರಡೋ ಮೂರೋ ಉಳಿದು ನನ್ನ ಮುಂದೆ 25 ಜನರಿದ್ದರೆ, ಒಳಗಿನಿಂದ ಇನ್ನೊಂದು ಹೆಡಿಗೆ ಬರುವುದೋ ಇಲ್ಲವೋ ಎಂಬ ಜೂಜಾಡುವುದಕ್ಕಿಂತ ಬೇರೆ ಕಡೆ ಹೋಗುವುದು ಮೇಲು. ಮ್ಯಾಕ್ಸ್‌ವೆಲ್‌ನಲ್ಲಂತೂ ಆ ಬೇರೆ ಕಡೆ ಕೆಲವೇ ಹೆಜ್ಜೆ ದೂರದಲ್ಲಿದೆ: ತಿಯಾನ್ ತಿಯಾನ್‌ನಲ್ಲೇ ಅಡುಗೆ ಮಾಡುತ್ತಿದ್ದವರೊಬ್ಬರು 2012ರಲ್ಲಿ ತೆರೆದ ‘ಆ ತಾಯ್’ ಎಂಬ ಅಂಗಡಿ. ನನ್ನ ಸಹೋದ್ಯೋಗಿಗಳಲ್ಲಿ ಅರ್ಧ ಜನ ಅದೇ ಮೇಲು ಎನ್ನುತ್ತಾರೆ, ಇನ್ನರ್ಧ ಜನ ಸಾಲು ನಿಲ್ಲಲಾರದವರ ಸಮಾಧಾನ ಅದು ಎನ್ನುತ್ತಾರೆ. ನನಗೆ ತಿಯಾನ್ ತಿಯಾನ್‌ನ ಅನ್ನ, ‘ಆ ತಾಯ್’ನ ಕೋಳಿ ಮೇಲು ಎಂದು ಅನ್ನಿಸಿದೆ. ಎರಡನ್ನೂ ಒಂದೇ ದಿನ ತಿಂದು ನೋಡುವ ಧೈರ್ಯ ಇನ್ನೂ ಬಂದಿಲ್ಲ.

ಎಮಾಯ್ ಸ್ಟ್ರೀಟ್ ಫುಡ್ ಸೆಂಟರ್ ನನ್ನ ಕಚೇರಿಗೆ ಇನ್ನೂ ಹತ್ತಿರ. ಅಲ್ಲಿಯ ಮೀನಿನ ಸಾರಿನ ಅಂಗಡಿಗಳ ಸಾಲು ಮತ್ತೊಂದು ಬಗೆಯದು: ಒಬ್ಬೊಬ್ಬರ ಬಟ್ಟಲಿಗೂ ಮೀನಿನ ಹೋಳುಗಳನ್ನು ಬೇರೆಯಾಗಿಯೇ ಕುದಿಯುವ ಸಾರಿನಲ್ಲಿ ಅದ್ದಿ ತೆಗೆಯಬೇಕು, ಆದರೆ ಅದಕ್ಕೆ ಒಂದು ನಿಮಿಷ ಸಾಕು. ಸಾಲು ನಿಧಾನವಾಗಿಯಾದರೂ ನಿಲ್ಲದೆ ಸರಿಯುತ್ತಿರುತ್ತದೆ. ನಿಂತು ನಿಂತು ಒಮ್ಮೆಲೇ ಧುಮುಕುವ ಸಾಲಿಗಿಂತ ಸರಿಯುವ ಸಾಲು ಮನಸ್ಸಿಗೆ ಹಿತ. ಹನ್ನೆರಡರಿಂದ ಒಂದೂವರೆಯವರೆಗೆ ಸುತ್ತಲಿನ ಕಚೇರಿಗಳೆಲ್ಲ ಅಲ್ಲಿಗೇ ಇಳಿಯುವುದರಿಂದ ನಾನು 11:20ಕ್ಕೆ ಹೊರಡುತ್ತೇನೆ. ಮೇಲಧಿಕಾರಿ ಮೊದಮೊದಲು ಗಡಿಯಾರ ನೋಡುತ್ತಿದ್ದವರು ಈಗ ತಮಗೂ ಒಂದು ಕಟ್ಟಿಸಿಕೊಂಡು ಬಾ ಎನ್ನುತ್ತಾರೆ. ಇನ್ನೊಂದು ಒಳ್ಳೆಯ ಹೊತ್ತೆಂದರೆ ಜೋರು ಮಳೆ. ಇಲ್ಲಿಯ ಮಧ್ಯಾಹ್ನದ ಮಳೆ ಗುಡುಗು ಸಮೇತ ಬಂದು ಒಂದು ಗಂಟೆಯಲ್ಲಿ ಮುಗಿಯುತ್ತದೆ. ಆ ಒಂದು ಗಂಟೆಯಲ್ಲಿ ಕಚೇರಿಯವರು ಹೊರಗೆ ಕಾಲಿಡುವುದಿಲ್ಲ. ಹಾಸನದ ಮಳೆಯಲ್ಲಿ ಶಾಲೆಗೆ ನಡೆದು ಹೋದವರಿಗೆ ಒಂದು ಕೊಡೆ ಸಾಕು. ಅರ್ಧ ಸಾಲು ಉಳಿಯುತ್ತದೆ.

ಸಾಲಿಗೆ ಸೇರುವುದು ಸುಲಭವೆಂದು ತೋರಿದರೂ ಅದರ ಬಾಲ ಎಲ್ಲಿದೆ ಎಂದು ಹುಡುಕುವುದೇ ಒಂದು ವಿದ್ಯೆ. ಅಂಗಡಿಗಳ ನಡುವಿನ ಓಣಿ ಇಕ್ಕಟ್ಟಾದ್ದರಿಂದ ಜನ ಓಡಾಡಲು ದಾರಿ ಬಿಟ್ಟು, ಸಾಲು ಅಲ್ಲಿ ತುಂಡಾಗಿ, ಓಣಿಯ ಆಚೆ ದಡದಲ್ಲಿ ಕಂಬದ ಪಕ್ಕದಿಂದ ಮತ್ತೆ ಮುಂದುವರಿಯುತ್ತದೆ. ಹೊಸಬರು ಈಚೆ ದಡದ ತುದಿಯನ್ನೇ ಕೊನೆಯೆಂದು ತಿಳಿದು ಅಲ್ಲಿ ನಿಲ್ಲುತ್ತಾರೆ. ಯಾರೂ ಜಗಳವಾಡುವುದಿಲ್ಲ, ಆದರೆ ಹಿಂದಿನಿಂದ ಹತ್ತು ಜೋಡಿ ಕಣ್ಣುಗಳು ಬೆನ್ನನ್ನು ಸುಡುವುದು ಗೊತ್ತಾಗುತ್ತದೆ. ನಾನು ಎರಡು ಸಲ ಹಾಗೆ ನಿಂತು ಸುಟ್ಟಿಸಿಕೊಂಡ ಮೇಲೆ, ಕೊನೆಯಲ್ಲಿ ಕಾಣುವವರನ್ನು ‘ಆಂಟಿ, ಲಾಸ್ಟ್ ಆ?’ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಇಲ್ಲಿ ಹಿರಿಯರೆಲ್ಲರೂ ಅಂಕಲ್, ಆಂಟಿ. ನಮ್ಮಲ್ಲಿ ಅಪರಿಚಿತರನ್ನು ಅಣ್ಣ, ಅಮ್ಮ ಎಂದು ಕರೆಯುವ ಹಾಗೆಯೇ ಆ ಒಂದು ಮಾತು ಅರ್ಧ ಕೆಲಸ ಮಾಡುತ್ತದೆ.

ಊಟ ಸಿಕ್ಕಿದರೂ ಕೂರಲು ಜಾಗವಿಲ್ಲದಿದ್ದರೆ ಬಿಸಿ ಸಾರಿನ ತಟ್ಟೆ ಹಿಡಿದು ಅಲೆಯಬೇಕಾಗುತ್ತದೆ. ಅದಕ್ಕಾಗಿ ಮೊದಲೇ ಜಾಗ ಹಿಡಿಯುವುದಕ್ಕೆ ಇಲ್ಲಿ ‘ಚೋಪ್’ ಮಾಡುವುದು ಎನ್ನುತ್ತಾರೆ: ಮೇಜಿನ ಮೇಲೆ ಒಂದು ಟಿಶ್ಯೂ ಪೊಟ್ಟಣ ಇಟ್ಟು ಹೋದರೆ ಆ ಜಾಗ ನಿಮ್ಮದು. ಮುದ್ರೆ ಒತ್ತುವುದು ಎಂಬರ್ಥದ ‘ಚಾಪ್’ ಎಂಬ ಹಳೆಯ ವಸಾಹತು ಕಾಲದ ಶಬ್ದದಿಂದ ಅದು ಬಂದಿರಬೇಕೆಂದು ಹೇಳುತ್ತಾರೆ. ಆ ಶಬ್ದದ ಮೂಲ ಹಿಂದಿಯ ‘ಛಾಪ್’. ಅಂದರೆ ನಮ್ಮ ಛಾಪಾ ಕಾಗದದ ಬಂಧುವೇ ಇಲ್ಲಿ ಟಿಶ್ಯೂ ಕಾಗದವಾಗಿ ಕೂತಿದೆ. ಸರ್ಕಾರಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದು ಬೆಳೆದ ನನಗೆ ಇದನ್ನು ಯಾರೂ ಕಲಿಸಬೇಕಾಗಲಿಲ್ಲ. ವ್ಯತ್ಯಾಸವೆಂದರೆ ನಮ್ಮಲ್ಲಿ ಟವೆಲ್ಲನ್ನು ಎತ್ತಿ ಪಕ್ಕಕ್ಕಿಟ್ಟು ಕೂತು ವಾದ ಮಾಡುವವರು ಇರುತ್ತಾರೆ, ಇಲ್ಲಿ ಟಿಶ್ಯೂ ಪೊಟ್ಟಣದ ಮಾತಿಗೆ ಎದುರಿಲ್ಲ. ಒಬ್ಬಳೇ ಹೋದಾಗ ನಾನು ಜನಸಂದಣಿಯ ಹೊತ್ತಿನಲ್ಲಿ ಹೀಗೆ ಮೇಜು ಹಿಡಿಯುವುದಿಲ್ಲ. 20 ನಿಮಿಷ ಒಂದು ಖಾಲಿ ಕುರ್ಚಿಯನ್ನು ಕಾಗದಕ್ಕೆ ಕಾಯಲು ಬಿಟ್ಟು, ತಟ್ಟೆ ಹಿಡಿದ ಮುದುಕರನ್ನು ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ. ನಾಲ್ವರಿದ್ದರೆ ಒಬ್ಬರು ಮೇಜಿಗೆ, ಒಬ್ಬರು ಪಾನೀಯಕ್ಕೆ, ಇಬ್ಬರು ಎರಡು ಬೇರೆ ಬೇರೆ ಸಾಲುಗಳಿಗೆ ಎಂದು ಹಂಚಿಕೊಳ್ಳುತ್ತೇವೆ.

ಗಲ್ಲೆಯ ಮುಂದೆ ತಲುಪಿದ ಮೇಲೆ ಯೋಚಿಸಲು ಶುರುಮಾಡುವವರನ್ನು ಯಾವ ಅಂಗಡಿಯವರೂ ಸಹಿಸುವುದಿಲ್ಲ, ಅದು ನ್ಯಾಯವೂ ಹೌದು. ಎಷ್ಟು, ಯಾವ ಗಾತ್ರ, ಖಾರ ಬೇಕೋ ಬೇಡವೋ, ಇಲ್ಲೇ ತಿನ್ನುವುದೋ ಕಟ್ಟಿಸಿಕೊಳ್ಳುವುದೋ ಎಂಬ ನಾಲ್ಕು ಉತ್ತರಗಳನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿರಬೇಕು. ಕಟ್ಟಿಸಿಕೊಳ್ಳುವುದಕ್ಕೆ ‘ದಾಬಾವ್’ ಎನ್ನುತ್ತಾರೆ, ಡಬ್ಬಿಗೆ ಕೆಲವು ಸೆಂಟು ಹೆಚ್ಚು ಕೊಡಬೇಕಾಗುತ್ತದೆ. ಗಾತ್ರವನ್ನು ಹಣದಲ್ಲೇ ಹೇಳುವುದು ವಾಡಿಕೆ: ಐದು ಡಾಲರ್‌ನದು, ಆರು ಡಾಲರ್‌ನದು. ಈಗ ಹೆಚ್ಚಿನ ಕಡೆ ಕ್ಯೂಆರ್ ಕೋಡ್ ಇದೆ, ಆದರೂ ಎರಡು ಡಾಲರ್, ಐದು ಡಾಲರ್‌ಗಳ ನೋಟುಗಳನ್ನು ನಾನು ಬೇರೆ ಜೇಬಿನಲ್ಲಿ ಇಟ್ಟಿರುತ್ತೇನೆ. 50 ಡಾಲರ್ ನೋಟು ಚಾಚಿದರೆ ಆಂಟಿಯ ನಿಟ್ಟುಸಿರು ಹತ್ತನೆಯವರಿಗೂ ಕೇಳಿಸುತ್ತದೆ.

ಯಾವ ದಿನ ಹೋಗಬಾರದು ಎಂಬುದನ್ನು ನಾನು ಬಾಗಿಲು ಹಾಕಿದ ಅಂಗಡಿಗಳ ಮುಂದೆ ನಿಂತೇ ಕಲಿತೆ. ಅನೇಕ ಹೆಸರುವಾಸಿ ಅಂಗಡಿಗಳಿಗೆ ಸೋಮವಾರ ರಜೆ. ಚೀನೀ ಹೊಸ ವರ್ಷದ ಸಮಯದಲ್ಲಿ ಕೆಲವರು ಒಂದು ವಾರ, ಕೆಲವರು ಎರಡು ವಾರ ಮುಚ್ಚುತ್ತಾರೆ. ಇದಲ್ಲದೆ ಕೆಲವು ತಿಂಗಳಿಗೊಮ್ಮೆ ಇಡೀ ಕೇಂದ್ರವನ್ನೇ ತೊಳೆಯಲು ಮುಚ್ಚುವುದುಂಟು, ಆ ದಿನಾಂಕಗಳನ್ನು ಮೊದಲೇ ಪ್ರಕಟಿಸಿರುತ್ತಾರೆ. ಭಾನುವಾರ ಲಿಟ್ಲ್ ಇಂಡಿಯಾದ ಟೆಕ್ಕಾ ಸೆಂಟರ್‌ಗೆ ಬಿರಿಯಾನಿಗೆಂದು ಹೋಗುವವರು ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ವಾರವೆಲ್ಲ ಕಟ್ಟಡ ಕೆಲಸದಲ್ಲಿ ದುಡಿದವರಿಗೆ ಅದೊಂದೇ ಬಿಡುವಿನ ದಿನ, ಸಂಜೆ ಆ ಜಾಗ ಅವರದು.

ಉಂಡ ಮೇಲೆ ತಟ್ಟೆ ಬಿಟ್ಟು ಏಳುವಂತಿಲ್ಲ. 2021ರ ಸೆಪ್ಟೆಂಬರ್ 1ರಿಂದ ಹಾಕರ್ ಸೆಂಟರ್‌ಗಳಲ್ಲಿ ಇದು ಕಾನೂನಾಗಿಯೇ ಜಾರಿಯಲ್ಲಿದೆ: ಮೊದಲ ಸಲ ಲಿಖಿತ ಎಚ್ಚರಿಕೆ, ಎರಡನೆಯ ಸಲ 300 ಡಾಲರ್ ದಂಡ. ಹಲಾಲ್ ಅಂಗಡಿಗಳ ತಟ್ಟೆಗಳಿಗೆ ಬೇರೆ ಕಪಾಟಿದೆ, ನೋಡಿ ಇಡಬೇಕು. ಅವಸರದಲ್ಲಿ ಒಮ್ಮೆ ತಪ್ಪು ಕಡೆ ಇಟ್ಟಾಗ ಒರೆಸುವ ಅಜ್ಜಿ ಏನೂ ಹೇಳದೆ ಅದನ್ನು ತೆಗೆದು ನನ್ನ ಕೈಗೇ ವಾಪಸ್ಸು ಕೊಟ್ಟರು.

ಹೋದ ವರ್ಷ ಅಪ್ಪ ಬಂದಿದ್ದರು. ಅವರಿಗೆ 72 ವರ್ಷ, ಅಪ್ಪಟ ಸಸ್ಯಾಹಾರಿ, ಮೊಣಕಾಲು ನೋವು ಬೇರೆ. ಕೋಳಿ ಮೀನಿನ ಸಾಲುಗಳಿಗೆ ಅವರನ್ನು ಕರೆದೊಯ್ಯುವ ಪ್ರಶ್ನೆಯೇ ಇರಲಿಲ್ಲ. ನಮ್ಮ ಮನೆ ಇರುವ ಕ್ಲೆಮೆಂಟಿಯಿಂದ ಮೆಟ್ರೊದಲ್ಲಿ ಎರಡೇ ನಿಲ್ದಾಣದಾಚೆ, ಬೋನ ವಿಸ್ಟಾದಲ್ಲಿ ಇಳಿದು ನಡೆದರೆ ಸಿಗುವ ಗಿಮ್ ಮೋ ಮಾರುಕಟ್ಟೆಯಲ್ಲಿ, ಹೆವನ್ಸ್ ಇಂಡಿಯನ್ ಕರಿ ಎಂಬ ಅಂಗಡಿ ಅಪ್ಪಂ ಮತ್ತು ಪುಟ್ಟು ಮಾಯಂಗೆ ಹೆಸರಾದದ್ದು. ಶನಿವಾರ ಬೆಳಿಗ್ಗೆ ಅಲ್ಲಿಗೆ ಹೋದೆವು. ಟಿಶ್ಯೂ ಪೊಟ್ಟಣ ಕೊಟ್ಟು, ಒಂದು ಮೇಜು ಹಿಡಿದು ಕೂತಿರಿ ಎಂದರೆ ಅವರು ತಮ್ಮ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲೆ ಹಾಸಿ, ಹಾಸನ ಬಸ್ ನಿಲ್ದಾಣದಲ್ಲಿ ನಿಂತವರ ಹಾಗೆ ನನ್ನ ಜೊತೆಗೇ ಸಾಲಿಗೆ ಬಂದು ನಿಂತರು. ಅಪ್ಪಂ ಕೂಡ ಕಾವಲಿಯ ಲೆಕ್ಕದ ತಿಂಡಿಯೇ: ಒಂದೊಂದು ಪುಟ್ಟ ಬಾಣಲೆಗೂ ಹಿಟ್ಟು ಸುರಿದು, ಬಾಣಲೆಯನ್ನು ಕೈಯಲ್ಲೇ ಸುತ್ತಿಸಿ ಅಂಚಿಗೆ ಹಿಟ್ಟು ಹತ್ತಿಸಿ, ಮುಚ್ಚಳ ಮುಚ್ಚಿ ಎರಡು ಮೂರು ನಿಮಿಷ ಬಿಡಬೇಕು. ಅಂಚು ಕೆಂಪಗೆ ಗರಿಯಾಗಿ, ನಡುವೆ ಇಡ್ಲಿಯಂತೆ ಉಬ್ಬುವವರೆಗೆ ಯಾರ ಅವಸರವೂ ನಡೆಯುವುದಿಲ್ಲ. ಅಪ್ಪ ಅದನ್ನೇ ನೋಡುತ್ತ ನಿಂತಿದ್ದರು. ಮೊಣಕಾಲಿನ ನೆನಪು ಅವರಿಗೆ ಬಂದಂತೆ ಕಾಣಲಿಲ್ಲ.

ಪುಟ್ಟು ಮಾಯಂ ತಟ್ಟೆಗೆ ಬಿದ್ದಾಗ ಅವರು, ‘ಏನಮ್ಮಾ, ಇದು ನಮ್ಮ ಒತ್ತು ಶಾವಿಗೆ ಅಲ್ಲವೇನೇ’ ಎಂದರು. ಹೌದು, ಅದೇ. ಆದರೆ ನಮ್ಮಲ್ಲಿ ಬೆಲ್ಲದ ಕಾಯಿಹಾಲು ಹುಯ್ದುಕೊಂಡು ತಿನ್ನುವ ಆ ಶಾವಿಗೆಯ ಪಕ್ಕದಲ್ಲಿ ಇಲ್ಲಿ ಕಾಯಿತುರಿಯನ್ನೂ ಕಿತ್ತಳೆ ಬಣ್ಣದ ಸಕ್ಕರೆಯನ್ನೂ ಹಾಕಿಕೊಡುತ್ತಾರೆ. ಬಣ್ಣ ಕಂಡು ಅಪ್ಪ ಸ್ವಲ್ಪ ಅನುಮಾನಿಸಿದರು. ಬೆರಳ ತುದಿಯಿಂದ ನಾಲ್ಕು ಹರಳು ತೆಗೆದು ಬಾಯಿಗೆ ಹಾಕಿಕೊಂಡು, ಬರೀ ಸಕ್ಕರೆ ಎಂದು ಖಾತ್ರಿಯಾದ ಮೇಲೆ ಶಾವಿಗೆಯ ಸುರುಳಿಯನ್ನು ಬಿಡಿಸಿ, ಕಾಯಿತುರಿಯಲ್ಲಿ ಹೊರಳಿಸಿ, ಮಾತಿಲ್ಲದೆ ತಿಂದು ಮುಗಿಸಿದರು. ಕೈ ತೊಳೆದು ಬಂದು ಸಾಲಿನ ಕಡೆ ನೋಡಿದರು. ಹತ್ತು ಹನ್ನೆರಡು ಜನರಿದ್ದರು. ನಾಳೆ ಬರೋಣ ಎಂದೆ.

‘ಶಾವಿಗೆ ಮೊದಲೇ ಒತ್ತಿ ಇಟ್ಟಿದ್ದಾರೆ, ತಡ ಆಗುವುದು ಅಪ್ಪಂ ಕೇಳುವವರಿಂದ. ಮುಂದೆ ಇರುವವರಲ್ಲಿ ಎಷ್ಟು ಜನ ಅಪ್ಪಂಗೆ ನಿಂತಿದ್ದಾರೆ ಅಂತ ನೋಡು’ ಎಂದು ಅವರು ನನಗೇ ಪಾಠ ಹೇಳಿ, ನನ್ನ ಕೈಯಿಂದ ಐದು ಡಾಲರ್‌ನ ನೋಟು ಇಸಿದುಕೊಂಡು, ಓಣಿಯ ಆಚೆ ಕಂಬದ ಪಕ್ಕದಲ್ಲಿದ್ದ ಸಾಲಿನ ನಿಜವಾದ ತುದಿಗೆ ಹೋಗಿ ನಿಂತರು.